ಕಲಿಸುವವರಿಗೆ ಕಲಿಸಿದವರು

ನರಗುಂದ ಎಂದಕೂಡಲೆ ಬಂಡಾಯದ ಮಾತು ಬರುತ್ತದೆ. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದದ್ದು, 1980ರ ಜುಲೈನಲ್ಲಿ ರೈತರು ಸರ್ಕಾರದ ವಿರುದ್ಧ ಎದ್ದದ್ದು ಎರಡೂ ನೆನಪಾಗುತ್ತವೆ. ಗಜೇಂದ್ರಗಡವೆಂದರೆ ಕೋಟೆ, ಕಾಲಕಾಲೇಶ್ವರ, ಮಗ್ಗದ ಸೀರೆ. ರೋಣವೆಂದರೆ 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದ ಊರು. ಈ ಮೂರು ಊರುಗಳ ಬಗ್ಗೆ ಬರೆದವರು ಇವನ್ನು ಯಾರೂ ಬಿಟ್ಟಿಲ್ಲ. ಬಿಟ್ಟುಹೋದ ಚರಿತ್ರೆ ಇನ್ನೊಂದಿದೆ. ಕಣ್ಣು ಕಾಣದ, ಕಿವಿ ಕೇಳದ, ಮಾತು ಬಾರದ, ಓಣಿಯ ಮಕ್ಕಳ ಜತೆ ಬೆರೆಯದ ಮಕ್ಕಳಿಗೆ ಈ ಸೀಮೆಯಲ್ಲಿ ಕಲಿಸಿದವರು ಯಾರು? ಹಾಗೆ ಕಲಿಸುವವರು ತಾವು ಎಲ್ಲಿ ಕಲಿತರು? ಪದವಿ, ಪ್ರಮಾಣಪತ್ರ, ನೋಂದಣಿ ಸಂಖ್ಯೆ ಇವೆಲ್ಲ ಬರುವ ಮೊದಲು ಆ ಕಲಿಕೆ ಹೇಗಿತ್ತು, ಬಂದ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ನೋಡಲು ಯತ್ನಿಸಿದ್ದೇವೆ.

ಈ ಭಾಗದಲ್ಲಿ ಆ ಚರಿತ್ರೆ ಶುರುವಾಗುವುದು ಕಾಲೇಜಿನಿಂದಲ್ಲ, ಸಂಗೀತದಿಂದ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಕುರುಡು ಹುಡುಗನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದರು. ಆತನೇ ಮುಂದೆ ಪಂಚಾಕ್ಷರ ಗವಾಯಿ. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಪದ್ಧತಿಗಳಲ್ಲಿ ಹಾಡಬಲ್ಲವರಾದ ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅಂಧ ಹುಡುಗರಿಗೆ ಅನ್ನ, ವಸತಿ, ವಿದ್ಯೆ ಮೂರನ್ನೂ ಕೊಡುವ ಜಾಗ ಅದು. ಹಣ ಸಾಲದಾದಾಗ ಆಶ್ರಮ ನಾಟಕ ಕಂಪನಿಯನ್ನೂ ನಡೆಸಿತು, ಊರೂರು ತಿರುಗಿತು. 1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಆಶ್ರಮದ ಭಾರ ಹೊತ್ತವರು ಅವರ ಶಿಷ್ಯ ಪುಟ್ಟರಾಜ ಗವಾಯಿ. ಅವರೂ ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. 1914ರಲ್ಲಿ ಹುಟ್ಟಿದ ಅವರು 2010ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೂ ಕಲಿಸುತ್ತಲೇ ಇದ್ದರು.

ಇದೆಲ್ಲ ಕನ್ನಡ ಓದುಗರಿಗೆ ಗೊತ್ತಿರುವುದೇ. ಅಷ್ಟಾಗಿ ನೆನಪಿನಲ್ಲಿ ಉಳಿಯದ ಒಂದು ಸಂಗತಿಯಿದೆ. ಪಂಚಾಕ್ಷರ ಗವಾಯಿಗಳಿಗೆ ಹಿಂದೂಸ್ತಾನಿ ಕಲಿಸಿದವರಲ್ಲಿ ಒಬ್ಬರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್. ಸಂಗೀತದವರು ಅವರನ್ನು ಬೆಹ್ರೆ ವಹೀದ್ ಖಾನ್ ಎನ್ನುತ್ತಿದ್ದರು. ಬೆಹ್ರೆ ಎಂದರೆ ಕಿವುಡ. ಖಾನ್‌ಸಾಹೇಬರಿಗೆ ಕಿವಿ ಮಂದವಿತ್ತು. ಕಿವಿ ಮಂದವಾದ ಒಬ್ಬ ಮುಸ್ಲಿಂ ಉಸ್ತಾದ್, ಕಣ್ಣಿಲ್ಲದ ಒಬ್ಬ ಜಂಗಮರ ಹುಡುಗನಿಗೆ ರಾಗ ಕಲಿಸಿದ. ನಾಡಿನ ಸೌಹಾರ್ದದ ಕಥೆಯೆಂದು ಇದನ್ನು ಹೇಳಿ ಕೈತೊಳೆದುಕೊಳ್ಳಬಹುದು. ನಮಗೆ ಅದಕ್ಕಿಂತ ಮುಖ್ಯವೆನಿಸುವುದು ಆ ಪಾಠದ ಒಳಗೆ ಏನು ನಡೆದಿರಬಹುದು ಎಂಬುದು. ಕೈಸನ್ನೆಯಿಂದ ತೋರಿಸಿದರೆ ಶಿಷ್ಯನಿಗೆ ಕಾಣದು. ಶಿಷ್ಯ ಸಣ್ಣ ದನಿಯಲ್ಲಿ ಕೇಳಿದರೆ ಗುರುವಿಗೆ ತಲುಪದು. ಹಾಗಿದ್ದೂ ವಿದ್ಯೆ ದಾಟಿತು. ಕೊಡುವವನು ತನ್ನ ಕೊರತೆಯನ್ನು ಬಲ್ಲವನಾಗಿದ್ದರೆ ಪಡೆಯುವವನ ಕೊರತೆಗೆ ದಾರಿ ಹುಡುಕುವುದು ಅವನಿಗೆ ಹೊಸತಲ್ಲ.

ಪುಣ್ಯಾಶ್ರಮದ ಪದ್ಧತಿಯಲ್ಲಿ ಶಿಕ್ಷಕರ ತರಬೇತಿ ಬೇರೆ, ಮಕ್ಕಳ ಕಲಿಕೆ ಬೇರೆ ಎಂದಿರಲಿಲ್ಲ. ಕಲಿತ ಹುಡುಗ ಸಣ್ಣವನಿಗೆ ಹೇಳಿಕೊಡುತ್ತಾನೆ. ಬೆಳೆದ ಮೇಲೆ ಯಾವುದೋ ಊರಲ್ಲಿ ಸಂಗೀತ ಶಾಲೆ ತೆರೆಯುತ್ತಾನೆ. ಹೀಗೆ ಉತ್ತರ ಕರ್ನಾಟಕದ ತಾಲೂಕುಗಳಲ್ಲೆಲ್ಲ ಆಶ್ರಮದ ಶಿಷ್ಯರು ಹಾರ್ಮೋನಿಯಂ, ತಬಲಾ ಕಲಿಸುತ್ತ ಬದುಕು ಕಟ್ಟಿಕೊಂಡರು. ಆದರೆ ಈ ಪದ್ಧತಿಯ ಮಿತಿಯನ್ನೂ ಹೇಳಬೇಕು. ಅದು ಸಂಗೀತಕ್ಕೆ ಒಗ್ಗುವ ಮಕ್ಕಳಿಗೆ ತೆರೆದ ಬಾಗಿಲು. ಕಿವುಡ ಮಗುವಿಗೆ ಅಲ್ಲಿ ಏನಿದೆ? ಹೆಸರು ಹಿಡಿದು ಕೂಗಿದರೂ ತಿರುಗಿ ನೋಡದ, ದಿನವಿಡೀ ಸೈಕಲ್ಲಿನ ಗಾಲಿ ತಿರುಗಿಸುತ್ತ ಕೂರುವ ಮಗುವಿಗೆ? ಅಂಥ ಮಕ್ಕಳಿಗೆ ಈ ಸೀಮೆಯಲ್ಲಿ ಯಾವ ಆಶ್ರಮವೂ ಇರಲಿಲ್ಲ, ಯಾವ ಗುರುವೂ ಇರಲಿಲ್ಲ. ಅವರಿಗೆ ಇದ್ದದ್ದು ಹೆಸರುಗಳು ಮಾತ್ರ. ಕನ್ನಡದಲ್ಲಿ ಪೆದ್ದ, ಹುಚ್ಚ. ನಮ್ಮ ದಖನಿಯಲ್ಲಿ ದಿವಾನಾ. ಕರುಣೆಯಿದ್ದವರ ಬಾಯಲ್ಲಿ ಭೋಲಾ.

ಹೊರಗಿನ ನಾಡಿನಲ್ಲಿ ಆಗಲೇ ಶಾಲೆಗಳು ಹುಟ್ಟಿದ್ದವು. ಆನಿ ಶಾರ್ಪ್ ಎಂಬ ಮಿಶನರಿ ಹೆಂಗಸು 1887ರಲ್ಲಿ ಅಮೃತಸರದಲ್ಲಿ ಅಂಧರ ಶಾಲೆ ತೆರೆದರು, ಇಂಡಿಯಾದಲ್ಲಿ ಅದು ಮೊದಲನೆಯದು. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಶುರುವಾಯಿತು. ಕಲಿಸುವವರನ್ನು ತಯಾರು ಮಾಡುವುದು ಮಾತ್ರ ಕಷ್ಟದ ಕೆಲಸವಾಗಿಯೇ ಉಳಿಯಿತು. ಬ್ರೈಲ್ ಲಿಪಿಯನ್ನೇ ತೆಗೆದುಕೊಳ್ಳಿ. ಆರು ಚುಕ್ಕೆಗಳನ್ನು ಇಂಡಿಯಾದ ಭಾಷೆಗಳಿಗೆ ಹೊಂದಿಸುವಾಗ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದರು. ಒಂದು ಶಾಲೆಯಲ್ಲಿ ಕಲಿತ ಅಂಧನಿಗೆ ಇನ್ನೊಂದು ಶಾಲೆಯ ಪುಸ್ತಕ ಬೆರಳಿಗೆ ದಕ್ಕುತ್ತಿರಲಿಲ್ಲ. 1951ರಲ್ಲಿ ಬೇರೂತಿನಲ್ಲಿ ಯುನೆಸ್ಕೋ ಸಭೆ ನಡೆದ ಮೇಲೆ ಭಾರತಿ ಬ್ರೈಲ್ ಎಂಬ ಒಂದೇ ಕ್ರಮ ನೆಲೆಗೊಂಡಿತು. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಒಂದೇ ಚುಕ್ಕೆಗಳಾದವು. ಒಂದೇ ಕ್ರಮವಿದ್ದಾಗ ಮಾತ್ರ ಒಂದು ಊರಲ್ಲಿ ತರಬೇತಿ ಪಡೆದವರು ಇನ್ನೊಂದು ಊರಲ್ಲಿ ಕಲಿಸಬಲ್ಲರು. ಶಿಕ್ಷಕ ತರಬೇತಿಯ ಚರಿತ್ರೆಯಲ್ಲಿ ಯಾವ ಕಾಲೇಜಿಗಿಂತಲೂ ಈ ಚುಕ್ಕೆಗಳ ಒಪ್ಪಂದ ಸಣ್ಣದಲ್ಲ.

ಅಮೆರಿಕದಲ್ಲಿ ಪದವಿ ಮಟ್ಟದ ತರಬೇತಿ ಬೇಗನೇ ಬಂತು. ವಾಷಿಂಗ್ಟನ್ನಿನ ಗಾಲೊಡೆಟ್ ಕಾಲೇಜು 1891ರಲ್ಲೇ ಕಿವುಡರ ಶಿಕ್ಷಕರಿಗಾಗಿ ಒಂದು ವಿಭಾಗ ತೆರೆದಿತ್ತು. 1958ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಒಂದು ಕಾನೂನು, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಶಿಕ್ಷಕರನ್ನು ತಯಾರು ಮಾಡುವವರಿಗೆ ಸ್ನಾತಕೋತ್ತರ ವಿದ್ಯಾರ್ಥಿವೇತನ ಕೊಟ್ಟಿತು. ಗಮನಿಸಬೇಕು, ಹಣ ಕೊಟ್ಟದ್ದು ಶಿಕ್ಷಕರಿಗಲ್ಲ, ಶಿಕ್ಷಕರಿಗೆ ಕಲಿಸುವವರಿಗೆ. ಬಾವಿ ತೋಡುವ ಮೊದಲು ತೋಡುವವರನ್ನು ಹುಡುಕಿದ ಹಾಗೆ.

ನಮ್ಮ ರಾಜ್ಯಕ್ಕೆ ಇಂಥದೊಂದು ಸಂಸ್ಥೆ ಬಂದದ್ದು 1965ರಲ್ಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದು. ಜನರ ಬಾಯಲ್ಲಿ ‘ಐಶ್’. ಮಾತು ಮತ್ತು ಕಿವಿಯ ತೊಂದರೆಗಳ ತಜ್ಞರನ್ನು ತಯಾರು ಮಾಡಲು ಶುರುವಾದ ಅಲ್ಲಿ ಮುಂದೆ ಕಿವುಡ ಮಕ್ಕಳ ಶಿಕ್ಷಕರಿಗೆ ಬಿ.ಎಡ್., ಎಂ.ಎಡ್. ಕೂಡ ಬಂದವು. 1983ರಲ್ಲಿ ಮುಂಬಯಿಯಲ್ಲಿ ಶ್ರವಣದೋಷವುಳ್ಳವರ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಉಸ್ಮಾನಿಯಾ ಮತ್ತು ಅಲಿಗಢ ವಿಶ್ವವಿದ್ಯಾಲಯಗಳ ಕುಲಪತಿಯೂ ಮಹಾರಾಷ್ಟ್ರದ ರಾಜ್ಯಪಾಲರೂ ಆಗಿದ್ದ ಅಲಿ ಯಾವರ್ ಜಂಗ್ ಅವರ ಹೆಸರನ್ನು ಅದಕ್ಕೆ ಇಟ್ಟರು. 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ ಬಂತು. ಗದಗ ಸೀಮೆಯ ತಂದೆತಾಯಿಗಳಿಗೆ ಸಿಕಂದರಾಬಾದು ಮೈಸೂರಿಗಿಂತ ದೂರದ ಮಾತೇನಲ್ಲ. ಹೈದರಾಬಾದಿನಲ್ಲಿ ನೆಂಟರಿರುವ ನಮ್ಮ ಮಂದಿಗಂತೂ ಅದೇ ಹತ್ತಿರ.

ಮೈಸೂರಿನಲ್ಲಿ ನಡೆದ ಇನ್ನೊಂದು ಪ್ರಯೋಗದ ಬಗ್ಗೆ ತುಸು ಹೆಚ್ಚು ಹೇಳಬೇಕು. 1980ರ ದಶಕದಲ್ಲಿ ಕಿವುಡ ಮಕ್ಕಳ ತಂದೆತಾಯಿಗಳೇ ಕೂಡಿ ಅಲ್ಲಿ ಒಂದು ಶಾಲೆ ಕಟ್ಟಿದರು. ಮಗುವನ್ನು ಬಿಟ್ಟುಹೋಗುವ ಹಾಗಿಲ್ಲ, ತಾಯಿಯೂ ಜತೆಗೆ ಕೂರಬೇಕು. ಮಗುವಿಗೆ ಮಾತು ಕಲಿಸುವುದನ್ನು ತಾಯಿ ಕಲಿಯಬೇಕು. ನಾಡಿನ ಬೇರೆ ಬೇರೆ ಜಿಲ್ಲೆಗಳಿಂದ ಹೆಂಗಸರು ಗಂಡ, ಅತ್ತೆ, ಹೊಲ ಎಲ್ಲ ಬಿಟ್ಟು ಬಾಡಿಗೆ ಕೋಣೆ ಹಿಡಿದು ವರ್ಷಗಟ್ಟಲೆ ಮೈಸೂರಿನಲ್ಲಿ ನಿಂತರು. ಐಶ್‌ನ ಶಿಶುವಿಹಾರದಲ್ಲೂ ತಾಯಂದಿರು ಮಕ್ಕಳ ಜತೆ ಕೂತು ಕಲಿಯುವ ಕ್ರಮವಿದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಂಗಸು ಇಲ್ಲಿ ಶಿಕ್ಷಕಿಯಾಗುತ್ತಾಳೆ. ಅವಳ ಹೆಸರಿನ ಮುಂದೆ ಯಾವ ಪದವಿಯೂ ಬರುವುದಿಲ್ಲ. ಎರಡನೆಯ ಮಗುವನ್ನು ಊರಲ್ಲಿ ಅಜ್ಜಿಯ ಮಡಿಲಿಗೆ ಹಾಕಿ ಬಂದವರೂ ಇವರಲ್ಲಿ ಇರುತ್ತಾರೆ. ಆ ತ್ಯಾಗವನ್ನು ಹೊಗಳುವವರು ಗಂಡಸರು ಎಷ್ಟು ಜನ ಹಾಗೆ ಹೋಗಿ ನಿಂತರು ಎಂದೂ ಕೇಳಬೇಕು.

ಆಟಿಸಂ, ಕನ್ನಡದಲ್ಲಿ ಕೆಲವರು ಸ್ವಲೀನತೆ ಎನ್ನುವ ಸ್ಥಿತಿಯ ಚರಿತ್ರೆಯಲ್ಲಿ ತಾಯಂದಿರಿಗೆ ಸಂದದ್ದು ಇನ್ನೂ ಕೆಟ್ಟ ಪಾಲು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ವರ್ಣಿಸಿ ಒಂದು ಲೇಖನ ಬರೆದರು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಬರೆದರು. ರೋಗದ ಹೆಸರು ಹುಟ್ಟಿದ ಬೆನ್ನಿಗೇ ತಪ್ಪಿತಸ್ಥರನ್ನೂ ಹುಡುಕಿದರು. ತಾಯಿ ಪ್ರೀತಿ ತೋರದೆ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂದು ದೊಡ್ಡ ದೊಡ್ಡ ಮನೋವೈದ್ಯರು ಎರಡು ದಶಕ ಹೇಳಿದರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞ, ತಾನೂ ಅಂಥ ಮಗುವಿನ ತಂದೆ, ಪುಸ್ತಕ ಬರೆದು ಇದನ್ನು ಅಲ್ಲಗಳೆದ. ಇದು ಹುಟ್ಟಿನಿಂದ ಬರುವ ನರ ಬೆಳವಣಿಗೆಯ ವ್ಯತ್ಯಾಸ, ಸಾಕಿದ ರೀತಿಯ ಫಲವಲ್ಲ ಎಂಬುದು ಈಗ ಇತ್ಯರ್ಥವಾದ ಮಾತು. ಉತ್ತರ ಕೆರೊಲಿನಾದಲ್ಲಿ 1972ರಲ್ಲಿ ಎರಿಕ್ ಶಾಪ್ಲರ್ ಕಟ್ಟಿದ ಕಾರ್ಯಕ್ರಮ ತಂದೆತಾಯಿಗಳನ್ನು ಆರೋಪಿಗಳ ಕಟಕಟೆಯಿಂದ ಇಳಿಸಿ ಶಿಕ್ಷಕರ ಪಕ್ಕದಲ್ಲಿ ಕೂರಿಸಿತು. ಶಿಕ್ಷಕರ ತರಬೇತಿ ಕೂಡ ಅಲ್ಲಿಂದ ಬದಲಾಯಿತು.

ಅಮೆರಿಕದ ಪಂಡಿತರು ಬಿಟ್ಟ ಆ ಮಾತು ನಮ್ಮ ಓಣಿಗಳಲ್ಲಿ ಇನ್ನೂ ಬದುಕಿದೆ. ಇಲ್ಲಿ ಅದಕ್ಕೆ ಪುಸ್ತಕದ ಆಧಾರ ಬೇಕಿಲ್ಲ. ಬಸುರಿಯಿದ್ದಾಗ ಗ್ರಹಣ ನೋಡಿದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟಳು, ನಮಾಜು ಬಿಟ್ಟಳು, ಹರಕೆ ತಪ್ಪಿಸಿದಳು. ಅಪರಾಧಗಳ ಪಟ್ಟಿ ಮನೆಮನೆಗೆ ಬೇರೆ, ಅಪರಾಧಿ ಮಾತ್ರ ಒಬ್ಬಳೇ. ತಾಯಿ ಮಗುವನ್ನು ಕಟ್ಟಿಕೊಂಡು ದರ್ಗಾಕ್ಕೂ ಗುಡಿಗೂ ಹೋಗುತ್ತಾಳೆ. ಹೋಗಬಾರದೆಂದು ನಾವು ಹೇಳುವುದಿಲ್ಲ, ಅಲ್ಲಿ ಅವಳ ಕಣ್ಣೀರಿಗಾದರೂ ಜಾಗವಿದೆ. ಆದರೆ ಮೂರನೆಯ ವರ್ಷಕ್ಕೆ ಶುರುವಾಗಬೇಕಾದ ಕಲಿಕೆ ಏಳನೆಯ ವರ್ಷಕ್ಕೆ ಶುರುವಾದರೆ ಆ ನಾಲ್ಕು ವರ್ಷಗಳನ್ನು ಯಾವ ತಾಯಿತವೂ ಮರಳಿ ಕೊಡದು.

ಇಂಡಿಯಾದಲ್ಲಿ ಆಟಿಸಂ ಮಕ್ಕಳ ಶಿಕ್ಷಕರ ತರಬೇತಿಯ ಮೊದಲ ಹೆಜ್ಜೆ ಇಟ್ಟವರೂ ತಾಯಿಯೇ. ಮೇರಿ ಬರುವಾ 1991ರಲ್ಲಿ ದಿಲ್ಲಿಯಲ್ಲಿ ‘ಆ್ಯಕ್ಷನ್ ಫಾರ್ ಆಟಿಸಂ’ ಶುರುಮಾಡಿದರು, ಕೆಲವೇ ವರ್ಷಗಳಲ್ಲಿ ಶಿಕ್ಷಕರ ತರಬೇತಿಗೂ ಕೈಹಾಕಿದರು. ಬೆಂಗಳೂರಿನಲ್ಲಿ 1980ರಲ್ಲಿ ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿ ಬಂತು, 1995ರಲ್ಲಿ ‘ಆಶಾ’ ಅಕಾಡೆಮಿ ಬಂತು. ಈ ನಡುವೆ ಕಾನೂನುಗಳು ಒಂದರ ಹಿಂದೊಂದು ಆದವು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಶಿಕ್ಷಕರ ತರಬೇತಿಗೆ ಒಂದು ಮಟ್ಟ ಗೊತ್ತುಮಾಡಿತು. ಪರಿಷತ್ತಿನಲ್ಲಿ ನೋಂದಣಿಯಾಗದೆ ಈ ವೃತ್ತಿ ಮಾಡುವವರಿಗೆ ಒಂದು ವರ್ಷದವರೆಗೆ ಸಜೆಯೆಂದೂ ಅದರಲ್ಲಿ ಬರೆದಿದೆ. ಈ ಕಲಮು ಓದುವಾಗ ನಮಗೆ ಬೆಹ್ರೆ ಖಾನ್‌ಸಾಹೇಬರು ನೆನಪಾಗುತ್ತಾರೆ. ಕಾನೂನಿಗೆ ಕಾರಣವಿಲ್ಲದಿಲ್ಲ. ಮೂರು ತಿಂಗಳ ಕೋರ್ಸು ಮುಗಿಸಿ ಬೋರ್ಡು ತೂಗುಹಾಕಿ ತಂದೆತಾಯಿಗಳನ್ನು ಸುಲಿಯುವವರು ಎಲ್ಲ ಪಟ್ಟಣಗಳಲ್ಲೂ ಇದ್ದಾರೆ.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಎಂಬ ಶಬ್ದವೇ ಇರಲಿಲ್ಲ. 1999ರ ನ್ಯಾಶನಲ್ ಟ್ರಸ್ಟ್ ಕಾಯ್ದೆಯಲ್ಲಿ ಅದು ಬಂತು. ಆದರೂ ಸರ್ಟಿಫಿಕೇಟು ಕೊಡಲು ಅಳತೆಗೋಲು ಇರಲಿಲ್ಲ, ಹಾಗಾಗಿ ಇಂಥ ಮಕ್ಕಳನ್ನು ಬುದ್ಧಿಮಾಂದ್ಯರೆಂದೇ ಬರೆದುಕೊಡುತ್ತಿದ್ದರು. ಸಿಕಂದರಾಬಾದಿನ ಸಂಸ್ಥೆ 2009ರಲ್ಲಿ ಸಿದ್ಧಪಡಿಸಿದ ಭಾರತೀಯ ಅಳತೆಗೋಲನ್ನು ಸರ್ಟಿಫಿಕೇಟಿಗೆ ಅಧಿಕೃತವಾಗಿ ಒಪ್ಪಿದ್ದು 2016ರಲ್ಲಿ. ಅದೇ ವರ್ಷ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತು. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತ್ತು. ಆ ಎಣಿಕೆಯ ಎಂಟು ಕಾಲಮ್ಮುಗಳಲ್ಲಿ ಆಟಿಸಂಗೆ ಒಂದು ಕಾಲಮ್ಮು ಇರಲಿಲ್ಲ. ಎಣಿಸದ ಮಕ್ಕಳಿಗೆ ಶಿಕ್ಷಕರನ್ನು ಎಷ್ಟೆಂದು ತಯಾರು ಮಾಡುವುದು?

ಈಗ ನಮ್ಮ ಮೂರು ಊರುಗಳಿಗೆ ಬರೋಣ. ರೋಣ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಹೊಳೆಆಲೂರಿನಲ್ಲಿ ಜ್ಞಾನಸಿಂಧು ಅಂಧ ಮಕ್ಕಳ ವಸತಿ ಶಾಲೆಯಿದೆ. ಅಲ್ಲಿನ ಮಕ್ಕಳು ಮಲ್ಲಕಂಬ ಆಡುತ್ತಾರೆ. ಕಣ್ಣಿಲ್ಲದ ಹುಡುಗ ಎಣ್ಣೆ ಸವರಿದ ಕಂಬವನ್ನು ತೊಡೆಯಿಂದ ಕಚ್ಚಿ ಹಿಡಿದು ತಲೆಕೆಳಗಾಗಿ ನಿಲ್ಲುತ್ತಾನೆ. ನೋಡಿ ಕಲಿಯುವ ಆಟವನ್ನು ಮುಟ್ಟಿ ಕಲಿಯುವ ಆಟವಾಗಿ ಬದಲಿಸದೆ ಇದು ಸಾಧ್ಯವಿಲ್ಲ. ಮೈಯ ಯಾವ ಭಾಗ ಕಂಬದ ಎಲ್ಲಿ ತಾಗಬೇಕೆಂದು ಗುರು ಕೈಹಿಡಿದು ತೋರಿಸಬೇಕು. ಅಂಧ ಮಕ್ಕಳ ಮಟ್ಟಿಗೆ ಗದಗ ಸೀಮೆ ದಾರಿಗಾಣದ ಸೀಮೆಯಲ್ಲ.

ಆಟಿಸಂ ಇರುವ ಮಗುವಿಗೆ ಏನು ಬೇಕೆಂದು ನೋಡಲು ಗಜೇಂದ್ರಗಡದಲ್ಲಿ ಆರು ವರ್ಷದ ಒಬ್ಬ ಹುಡುಗ ಇದ್ದಾನೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ. ಶಾಲೆಯ ಗಂಟೆ ಹೊಡೆದರೆ ಕಿವಿ ಮುಚ್ಚಿ ಚೀರುತ್ತಾನೆ. ಮಾಸ್ತರರಿಗೆ ಅದು ಹಟ, ಅವನಿಗೆ ಆ ಸದ್ದು ಮೊಳೆ ಹೊಡೆದಂಥ ನೋವು. ತರಬೇತಿಯಾದ ಶಿಕ್ಷಕಿ ಮೊದಲು ಗಂಟೆಯ ಹತ್ತಿರದಿಂದ ಅವನ ಜಾಗ ಬದಲಿಸುತ್ತಾಳೆ. ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಸಾಲಾಗಿ ಅಂಟಿಸುತ್ತಾಳೆ. ಪ್ರಾರ್ಥನೆ, ಪಾಠ, ಊಟ, ಆಟ, ಮನೆ. ಮುಂದೇನು ಎಂದು ತಿಳಿದರೆ ಅವನ ಅರ್ಧ ಭಯ ಇಳಿಯುತ್ತದೆ. ಕೈ ತೊಳೆ ಎಂದು ಒಂದು ಮಾತಿನಲ್ಲಿ ನಾವು ಹೇಳುವುದನ್ನು ಅವಳು ಏಳೆಂಟು ತುಂಡು ಮಾಡುತ್ತಾಳೆ. ನಳ ತಿರುಗಿಸು, ಕೈ ಒದ್ದೆ ಮಾಡು, ಸಾಬೂನು ಹಿಡಿ. ಒಂದು ತುಂಡು ಬಂದ ಮೇಲೆ ಇನ್ನೊಂದು. ಯಾವುದು ಯಾವ ದಿನ ಬಂತೆಂದು ಬರೆದಿಡುತ್ತಾಳೆ. ಹೊರಗಿನವರಿಗೆ ಇದು ಪಾಠವೆಂದೇ ಅನ್ನಿಸುವುದಿಲ್ಲ. ಮಗ್ಗದ ಮುಂದೆ ಕೂತವರಿಗೆ ತಿಳಿದೀತು, ಎಳೆ ಎಳೆ ಎಣಿಸದೆ ಅಂಚು ಮೂಡುವುದಿಲ್ಲ.

ಭಾಷೆಯ ಪ್ರಶ್ನೆ ಇಲ್ಲಿ ಬಹಳ ದೊಡ್ಡದು. ಮಾತು ತಡವಾದ ಮಗುವಿನ ಜತೆ ಒಂದೇ ಭಾಷೆ ಆಡಿ, ಮನೆಮಾತು ಬಿಡಿ ಎಂದು ಬಹಳ ವರ್ಷ ಸಲಹೆ ಕೊಡುತ್ತ ಬಂದರು. ಆ ಸಲಹೆ ಪಾಲಿಸಿದ ಮನೆಗಳಲ್ಲಿ ಅಜ್ಜಿ ಮೊಮ್ಮಗನ ಜತೆ ಮಾತೇ ಬಿಟ್ಟಳು, ಅವಳಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಎರಡು ಭಾಷೆಗಳಿಂದ ಆಟಿಸಂ ಮಕ್ಕಳಿಗೆ ಹಾನಿಯಿಲ್ಲವೆಂದು ಈಚಿನ ಸಂಶೋಧನೆಗಳು ಹೇಳುತ್ತವೆ. ಆದರೆ ವಿಶೇಷ ಬಿ.ಎಡ್. ಓದುವವರ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿ, ಅದು ಬಿಟ್ಟರೆ ಹಿಂದಿಯಲ್ಲಿ. ಕನ್ನಡದಲ್ಲಿ ಸಾಮಗ್ರಿ ಕಡಿಮೆ. ಗಜೇಂದ್ರಗಡದ ದಖನಿ ಯಾವ ಪುಸ್ತಕದಲ್ಲೂ ಇಲ್ಲ. ಉರ್ದು ಶಾಲೆಯ ಉಸ್ತಾನಿ ಈ ಪದವಿಗೆ ಹೋದರೆ ಮೊದಲ ವರ್ಷವೆಲ್ಲ ಇಂಗ್ಲಿಷಿನ ಜತೆ ಗುದ್ದಾಡುವುದರಲ್ಲೇ ಕಳೆಯಬೇಕು. ಅವಳು ಗೆದ್ದು ಬಂದರೆ ಅವಳಷ್ಟು ಉಪಯೋಗದ ಶಿಕ್ಷಕಿ ಈ ಸೀಮೆಗೆ ಇನ್ನೊಬ್ಬರಿಲ್ಲ. ಮಗು ಮನೆಯಲ್ಲಿ ‘ಪಾನಿ’ ಎಂದು ಕೈ ತೋರಿದಾಗ ಅದನ್ನು ತಪ್ಪೆಂದು ತಿದ್ದದೆ ಮೊದಲ ಮಾತೆಂದು ಬರೆದುಕೊಳ್ಳುವವಳು ಅವಳು.

ಪದವಿಯ ರಚನೆಯಲ್ಲೂ ಒಂದು ತೊಡಕಿದೆ. ವಿಶೇಷ ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ. ಅದರಲ್ಲಿ ಒಂದು ಬಗೆಯ ಅಂಗವೈಕಲ್ಯವನ್ನು ಆರಿಸಿಕೊಳ್ಳಬೇಕು. ಶ್ರವಣ, ದೃಷ್ಟಿ, ಬೌದ್ಧಿಕ, ಆಟಿಸಂ, ಹೀಗೆ. ದೊಡ್ಡ ಪಟ್ಟಣದ ವಿಶೇಷ ಶಾಲೆಗೆ ಇದು ಸರಿ. ಸರ್ವ ಶಿಕ್ಷಣ ಅಭಿಯಾನದ ಕಾಲದಿಂದ ನಮ್ಮ ತಾಲೂಕುಗಳಲ್ಲಿ ದುಡಿಯುತ್ತಿರುವವರು ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು. ಒಬ್ಬರಿಗೆ ಹಳ್ಳಿ ಹಳ್ಳಿಯ ಶಾಲೆಗಳು, ಜತೆಗೆ ಹಾಸಿಗೆ ಬಿಟ್ಟು ಏಳಲಾರದ ಮಕ್ಕಳ ಮನೆಗಳು. ಬೆಳಿಗ್ಗೆ ಕಿವುಡ ಮಗು, ಮಧ್ಯಾಹ್ನ ಸೆರೆಬ್ರಲ್ ಪಾಲ್ಸಿಯ ಮಗು, ಸಂಜೆಗೆ ನಾವು ಮೇಲೆ ಹೇಳಿದ ಹುಡುಗ. ಶ್ರವಣದೋಷದಲ್ಲಿ ಪದವಿ ಪಡೆದವರು ಆಟಿಸಂ ಮಗುವಿನ ಎದುರು ಹೆಚ್ಚುಕಡಿಮೆ ಸಾಮಾನ್ಯ ಶಿಕ್ಷಕರೇ. ಸಾಮಾನ್ಯ ಬಿ.ಎಡ್.ನಲ್ಲೂ ಸಮನ್ವಯ ಶಿಕ್ಷಣದ ಒಂದು ಪತ್ರಿಕೆಯಿದೆ, ಅದನ್ನು ಬರೆದು ಪಾಸಾಗಬಹುದು, ಒಂದು ಮಗುವಿನ ಮುಖ ನೋಡದೆಯೂ.

ಕೋರ್ಟು ಈ ವಿಷಯ ಕೈಗೆತ್ತಿಕೊಂಡಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ವಿಶೇಷ ಶಿಕ್ಷಕರೊಬ್ಬರಿಗೆ ಎಷ್ಟು ಮಕ್ಕಳೆಂದು ಗೊತ್ತುಮಾಡಿ, ಕಾಯಂ ಹುದ್ದೆ ಸೃಷ್ಟಿಸಿ ಎಂದಿತು. 2022ರಲ್ಲಿ ಕೇಂದ್ರ ಸರ್ಕಾರ ಕಿರಿಯ ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರು ಎಂದು ನಿಗದಿ ಮಾಡಿತು. 2025ರ ಮಾರ್ಚಿನಲ್ಲಿ ಅದೇ ಕೋರ್ಟು ರಾಜ್ಯಗಳು ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಬೇಕೆಂದು ಮತ್ತೆ ಹೇಳಬೇಕಾಯಿತು. ಮಗು ಒಂದನೆಯ ಇಯತ್ತೆಯಿಂದ ಐದನೆಯದಕ್ಕೆ ಹೋಗುವಷ್ಟು ಕಾಲ ಇದು.

ಗಜೇಂದ್ರಗಡದ ಒಬ್ಬ ಹುಡುಗಿ ಈ ಪದವಿ ಓದಬೇಕೆಂದರೆ ಬೆಂಗಳೂರು, ಮೈಸೂರು, ಸಿಕಂದರಾಬಾದುಗಳ ಕಡೆ ನೋಡಬೇಕು. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಕೇಂದ್ರವೊಂದು ಬಂದಿರುವುದು ಸಮಾಧಾನದ ಸಂಗತಿ. ಮಗುವಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಅಲ್ಲಿ ಕಾಗದದ ಮೇಲೆ ಆಟಿಸಂ ಎಂದು ಬರೆಸಿಕೊಂಡು ತಾಯಿ ಮಧ್ಯಾಹ್ನದ ಬಸ್ಸಿಗೆ ನರಗುಂದಕ್ಕೆ ಮರಳುತ್ತಾಳೆ. ಹೊಳೆಆಲೂರು, ಗದಗಿನ ಹಾದಿಯಾಗಿ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಮರುದಿನ ಮೈಸೂರು. ಎರಡು ವರ್ಷ ಓದಿ ನೋಂದಣಿ ಸಂಖ್ಯೆ ಹಿಡಿದು ಅದೇ ರೈಲಿನಲ್ಲಿ ಮರಳುವ ಹುಡುಗಿಗೆ ಬೆಂಗಳೂರಿನ ಖಾಸಗಿ ಶಾಲೆಗಳು ಸಂಬಳ ಕೊಟ್ಟು ಕರೆಯುತ್ತವೆ. ರೋಣದಲ್ಲಿ ಅವಳಿಗೆ ಸಿಗುವುದು ಗುತ್ತಿಗೆಯ ಕೆಲಸ, ವರ್ಷ ವರ್ಷ ಹೊಸದಾಗಬೇಕಾದ ಆದೇಶ.